ಮಾವನವರು ಹಚ್ಚಿದ ಕಣಗಿಲ: ಇಟ್ಕೊಳ್ಳೋದೋ, ಕಿತ್ತೊಗಿಯೋದೋ?

ಸಾಧನಕೇರಿ ಹಿತ್ತಲ · ಜನವರಿ 21

ನಮಸ್ಕಾರ್ರಿ ಎಲ್ಲಾರಿಗೂ. ಒಂದು ಗಿಡದ ಸಲುವಾಗಿ ಮನ್ಯಾಗ ಮೂರು ದಿನದಿಂದ ಮಾತು ಬಂದ್ ಆಗ್ಯಾವ, ಅದಕ್ಕ ಇಲ್ಲೆ ಬಂದೀನಿ.

ಗೇಟಿನ ಎಡಕ್ಕ ಕಣಗಿಲ ಗಿಡ ಅದ. ಗುಲಾಬಿ ಬಣ್ಣ, ಒತ್ತು ಎಸಳಿನ ಹೂವು. ನಮ್ಮ ಮಾವನವರು ರಿಟೈರ್ ಆದ ವರ್ಷ ತಾವೇ ಕುಣಿ ತೋಡಿ ಹಚ್ಚಿದ್ದು. ಅವರು ಹೋಗಿ ಆರು ವರ್ಷ ಆತು, ಗಿಡ ಮಾಳಗಿ ಮುಟ್ಟೇದ. ಅತ್ತಿಯವರಿಗೆ ದಿನಾ ಮುಂಜಾನೆ ಪೂಜಿಗೆ ಅದರದೇ ಹೂವು ಬೇಕು, ಕೋಲಿಗೆ ಕೊಕ್ಕಿ ಕಟ್ಟಿ ತಾವೇ ಹರೀತಾರ.

ಮುಂದಿನ ತಿಂಗಳು ಮಗಳು ಬೆಂಗಳೂರಿಂದ ಕೂಸಿನ ಕರಕೊಂಡು ಬರ್ತಾಳ. ಕೂಸಿಗೆ ಹದಿನಾಲ್ಕು ತಿಂಗಳು, ಸಿಕ್ಕಿದ್ದೆಲ್ಲಾ ಬಾಯಿಗೆ. ಅಳಿಯಂದ್ರು ವಾಟ್ಸಾಪ್‌ನಾಗ ಏನೋ ಓದಿ "ಅತ್ತೀ, ನಾವು ಬರೋದ್ರೊಳಗ ಆ ಗಿಡ ತಗಸ್ರಿ" ಅಂದ್ರು. ಅತ್ತಿಯವರು "ಅದಕ್ಕ ಕೊಡ್ಲಿ ಹಾಕಿದ್ರ ನಾ ಮಠಕ್ಕ ಹೋಗಿ ಇರ್ತೀನಿ" ಅಂತ ಕುಂತಾರ. ನಡುವ ನಾನು.

ಇನ್ನೊಂದು. ಗಿಡದ ಬುಡ ಬೋಳ ಆಗಿ ಹೂವೆಲ್ಲಾ ತುದೀಗೆ ಹೋಗ್ಯಾವ. ಎಳೇ ಚಿಗುರಿಗೆ ಹಳದಿ ಹೇನು ಮುತ್ಯಾವ. ಇಟ್ಕೊಳ್ಳೋದಾದ್ರ ಏನು ಮಾಡ್ಲಿ? ಖರೇನ ಅಷ್ಟು ವಿಷ ಏನ್ರಿ ಇದು?

ಎರಿಹೊಲ ಅಣ್ಣಿಗೇರಿ · ಜನವರಿ 21

ಅಕ್ಕಾರ, ಅಳಿಯಂದ್ರಿಗೆ ಒಂದ್ ಮಾತ ಕೇಳ್ರಿ: ಅವರು ಬೆಂಗಳೂರಿಂದ ಕಾರಿನ್ಯಾಗ ಬರೋ ಹೈವೇ ನಡುವ ಏನ ಐತಿ? ಇದ ಕಣಗಿಲ. ಎದುರಿನ ಗಾಡಿ ಲೈಟ ಕಣ್ಣಿಗೆ ಹೊಡೀಬಾರದಂತ ಹಚ್ಚಿರ್ತಾರ. ನೀರ ಬ್ಯಾಡ, ಹೊಗಿಗೆ ಅಂಜೂದಿಲ್ಲ, ಕಹಿ ಇರೋದಕ್ಕ ದನಾನೂ ಮುಟ್ಟಂಗಿಲ್ಲ. ನಮ್ಮ ಕಡೆ ಹೊಲದ ಬದುವಿನ್ಯಾಗ ಅಜ್ಜನ ಕಾಲದಿಂದ ಐತಿ, ಯಾರಿಗೂ ಏನೂ ಆಗಿಲ್ಲ. ಸುಮ್ನ ಗಾಬರಿ.

ಹಾವೇರಿ ಹಟ್ಟಿ · ಜನವರಿ 21

ಅಣ್ಣಾರ, "ದನ ಮುಟ್ಟಂಗಿಲ್ಲ" ಅನ್ನೋದು ಅರ್ಧ ಖರೆ. ನಿಂತ ಗಿಡ ಮುಟ್ಟಂಗಿಲ್ಲ. ಕಡದ ಒಗದ ಟೊಂಗಿ ಮುಟ್ತಾವ.

ನಮ್ಮ ಮನಿ ಹಿಂದ ಒಂದು ಬಂಗ್ಲೆ ಐತಿ. ಎರಡು ವರ್ಷದ ಹಿಂದ ಅವರ ಆಳು ಬೇಲಿ ಕಣಗಿಲ ಸವರಿ ತಪ್ಪಲ ಎಲ್ಲಾ ಗೋಡಿ ಆಚೆ ನಮ್ಮ ಕಡೆ ಚೆಲ್ಲಿದ್ದ. ಮೂರು ದಿನ ಬಿಸಲಿಗೆ ಬಾಡಿ, ಗಾಳಿಗೆ ಹಾರಿ, ಕಣಕಿ ಬಣವಿ ಬುಡಕ್ಕ ಬಂದು ಕೂತಿತ್ತು. ಬಾಡಿದ ಮ್ಯಾಲ ಕಹಿ ಗೊತ್ತಾಗಂಗಿಲ್ಲೋ ಏನೋ, ಕಣಕಿ ಕೂಡ ಎಮ್ಮಿ ತಿಂದು ಬಿಟ್ಟಿತು. ಸಂಜಿಗೆ ಮೆಲಕು ನಿಲ್ಲಿಸ್ತು, ಜೊಲ್ಲು, ಉಚ್ಚಿಕಿ. ರಾತ್ರಿ ಡಾಕ್ಟರ್ ಬಂದು ಎದಿಗೆ ನಳಿಗಿ ಹಚ್ಚಿ ಕೇಳಿ ತಲಿ ಅಲ್ಲಾಡಿಸಿದ್ರು. ಬೆಳಕು ಹರಿಯೋದ್ರೊಳಗ ಮುಗೀತು. ಎರಡನೇ ಸೂಲಿನ ಎಮ್ಮಿ ಅದು.

ಎಲಿ ಒಣಗಿದ್ರೂ ವಿಷ ಹೋಗಂಗಿಲ್ಲ, ಇಷ್ಟು ನೆನಪಿಡ್ರಿ. ಸರಕಾರಿ ಪಶು ಸಂಜೀವಿನಿ ಗಾಡಿಗೆ 1962 ಫೋನ್ ಹಚ್ಚಬಹುದು, ಆ ರಾತ್ರಿ ನನಗದು ಗೊತ್ತಿರಲಿಲ್ಲ.

ಎರಿಹೊಲ ಅಣ್ಣಿಗೇರಿ · ಜನವರಿ 21

ಅಯ್ಯ ಶಿವನ. ಮಾತು ವಾಪಸ್ ತಗೊಂಡ್ನಿ.

ರಾತ್ರಿ ಪಾಳಿ · ಜನವರಿ 22

ನಾನು ಹುಬ್ಬಳ್ಳಿಯೊಳಗ ಕ್ಯಾಜುವಾಲ್ಟಿ ನರ್ಸ್. ಪಾಳಿ ಮುಗಿಸಿ ಬರೀಲಿಕ್ಕತ್ತೀನಿ, ತಪ್ಪಿದ್ರ ಹೊಂದಿಸ್ಕೋರಿ.

ವಿಷ ಅದ, ಅದರಾಗ ಅನುಮಾನ ಬ್ಯಾಡ. ಎಲಿ, ಹೂವು, ತೊಗಟಿ, ಬೇರು, ಬೀಜ, ಹಾಲು, ಗಿಡದ ಯಾವ ಭಾಗಾನೂ ಬಿಟ್ಟಿಲ್ಲ. ಮುಖ್ಯ ವಿಷದ ಹೆಸರು ಒಲಿಯಾಂಡ್ರಿನ್. ಹೃದಯದ ರೋಗಿಗಳಿಗೆ ಕೊಡೋ ಡಿಗಾಕ್ಸಿನ್ ಗುಳಗಿ ಅದ ಅಲ್ಲಾ, ಅದರ ಜಾತೀದೇ ಇದು. ಜೀವಕೋಶದೊಳಗ ಸೋಡಿಯಂ ಹೊರಗ ಹಾಕಿ ಪೊಟ್ಯಾಸಿಯಂ ಒಳಗ ತಗೊಳ್ಳೋ ಒಂದು ಪಂಪ್ ಇರ್ತದ, ಅದನ್ನ ಬಂದ್ ಮಾಡ್ತದ. ಮೊದ್ಲು ವಾಂತಿ, ಹೊಟ್ಟಿ ನೋವು, ಉಚ್ಚಿಕಿ, ತಲಿ ತಿರುಗೋದು. ಆಮ್ಯಾಲ ನಾಡಿ ನಿಧಾನ ಆಗ್ತದ, ತಾಳ ತಪ್ತದ. ಎದಿ ತೊಂದರಿ ಕೆಲವೊಮ್ಮೆ ತಾಸುಗಟ್ಟಲೆ ತಡಾ ಮಾಡಿ ಬರ್ತದ. ಅದಕ್ಕ "ಒಂದು ಸಲ ವಾಂತಿ ಆತು, ಈಗ ಆರಾಮ ಅದಾನ" ಅಂತ ಮನ್ಯಾಗ ಕೂಡೋದು ದೊಡ್ಡ ತಪ್ಪು.

ಯಾರರೆ ಬಾಯಾಗ ಹಾಕ್ಕೊಂಡ್ರ: ಉಳದಿದ್ದು ತಗೀರಿ, ಬಾಯಿ ಮುಕ್ಕಳಿಸ್ರಿ, ಅದೇ ಗಿಡದ ಒಂದು ಎಲಿ ಚೀಲದಾಗ ಹಾಕ್ಕೊಂಡು ನೆಟ್ಟಗ ಇಸಿಜಿ ಇರೋ ದೊಡ್ಡ ಆಸ್ಪತ್ರಿಗೆ ನಡೀರಿ. 108 ಕರೀರಿ. ದೆಹಲಿ ಏಮ್ಸ್‌ನವರ ವಿಷ ಮಾಹಿತಿ ಕೇಂದ್ರ 1800 116 117, ಹಗಲೂ ರಾತ್ರಿ ಎತ್ತತಾರ. ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸೋದು, ಹುಣಸಿ ಹುಳಿ, ಹಾಲು, ತುಪ್ಪ, ಇವ್ಯಾವೂ ಬ್ಯಾಡ. ಆಸ್ಪತ್ರಿಯೊಳಗ ಇದ್ದಲಿ ಪುಡಿ ಕೊಡ್ತಾರ, ಮಾನಿಟರ್ ಹಚ್ಚತಾರ, ನಾಡಿ ಭಾಳ ಇಳದ್ರ ಅಟ್ರೋಪಿನ್, ಅದೂ ಸಾಲದ್ರ ತಾತ್ಕಾಲಿಕ ಪೇಸ್‌ಮೇಕರ್. ಡಿಗಾಕ್ಸಿನ್ ವಿರುದ್ಧದ ಪ್ರತಿಕಾಯದ ಇಂಜೆಕ್ಷನ್ ಕಣಗಿಲಕ್ಕೂ ನಡೀತದ, ಆದ್ರ ಭಾಳ ತುಟ್ಟಿ, ಎಲ್ಲಾ ಕಡೆ ಸಿಗೂದಿಲ್ಲ.

ಈಗ ನಿಮ್ಮ ಪ್ರಶ್ನಿ. ಆಳೆತ್ತರ ದಾಟಿದ ಗಿಡ, ಬುಡ ಬೋಳ ಅದ ಅಂತೀರಿ. ಹದಿನಾಲ್ಕು ತಿಂಗಳ ಕೂಸಿಗೆ ಟೊಂಗಿ ಸಿಗೂದಿಲ್ಲ, ನೆಲಕ್ಕ ಬಿದ್ದಿದ್ದು ಸಿಗ್ತದ. ಉದರಿದ ಹೂವು, ಎಲಿ, ಮತ್ತ ದೇವರ ಮುಂದಿನ ಹೂವು. ನಾನಾಗಿದ್ರ ಗಿಡ ಇಡ್ತಿದ್ದೆ, ಬುಡಕ್ಕ ಜಾಳಗಿ ಹಾಕಿ ದಿನಾ ಎರಡು ಹೊತ್ತು ಕಸಾ ಹೊಡೀತಿದ್ದೆ.

ಮೈಸೂರಿಂದ ಬಂದವಳು · ಜನವರಿ 22

ಕೆಲಸಕ್ಕೆ ಅಂತ ಹುಬ್ಬಳ್ಳಿಗೆ ಬಂದು ಒಂದು ವರ್ಷವಾಯ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಆಡುವ ಜಾಗದ ಪಕ್ಕದಲ್ಲೇ ಹಳದಿ ಹೂವಿನ ಕಣಗಿಲೆ ಇದೆ. ಗಂಟೆಯ ಥರ ಹೂವು, ಸಣ್ಣ ಉದ್ದ ಎಲೆ. ಹಸಿರು ಕಾಯಿ ಬಿಟ್ಟಿದೆ, ಬಲಿತದ್ದು ಕಪ್ಪಗಾಗಿ ಉದುರುತ್ತೆ. ಮಕ್ಕಳು ಅದರ ಬೀಜ ಆರಿಸಿ ಜೇಬಿಗೆ ಹಾಕ್ಕೋತಾರೆ. ಇದೂ ಅದೇನಾ?

ರಾತ್ರಿ ಪಾಳಿ · ಜನವರಿ 22

ಅದನ್ನ ತಗಸ್ರಿ. ಮೇಲಿನ ಅಕ್ಕಾರ ಗಿಡದ ಬಗ್ಗೆ ನಾ ಹೇಳಿದ್ದು ಬ್ಯಾರೆ, ಇದು ಬ್ಯಾರೆ. ಹಳದಿದಕ್ಕ ಕಾಯಿ ಬರ್ತದ, ಒಳಗ ಗಟ್ಟಿ ಓಟೆ, ಮಕ್ಕಳಿಗೆ ಗಜಗದ ಹಂಗ ಆಟದ ಸಾಮಾನು. ಆ ಓಟೆಯೊಳಗಿನ ಬೀಜದಾಗೇ ಥೆವೆಟಿನ್ ಅನ್ನೋ ವಿಷ ಭಾಳ. ಹೃದಯಕ್ಕ ಮಾಡೋದು ಅದೇ ಕೆಲಸ. ಆಗಲೇ ಹೇಳಿದ ಪ್ರತಿಕಾಯದ ಇಂಜೆಕ್ಷನ್ ಉಪಯೋಗ ಆಗ್ತದ ಅಂತ ಶ್ರೀಲಂಕಾದೊಳಗ ಪರೀಕ್ಷೆ ಮಾಡಿ ತೋರಿಸಿದ್ದು ಈ ಹಳದಿ ಕಣಗಿಲದ ರೋಗಿಗಳ ಮ್ಯಾಲೇ, 2000ದಾಗ ಲ್ಯಾನ್ಸೆಟ್ ಪತ್ರಿಕಾದೊಳಗ ಬಂದದ. ಮಕ್ಕಳು ಆಡೋ ಜಾಗಾದಾಗ ಅದಕ್ಕ ಕೆಲಸಿಲ್ಲ. ಕಮಿಟಿಯವರು ಒಪ್ಪೋತನಕ ಕಾಯಿ ಆರಿಸಿ ತಗೀರಿ, ಮಕ್ಕಳ ಜೇಬು ನೋಡ್ರಿ.

ಮಸಾರಿ ಮಾಮಾ ಗದಗ · ಜನವರಿ 22

ಹೆಸರಿನ ಗೊಂದಲ ಭಾಳ ಐತಿ, ಒಂದೀಟು ಬಿಡಸ್ತೀನಿ. ಗುಲಾಬಿ, ಬಿಳಿ, ಕೆಂಪು ಹೂವಿನ ಕಣಗಿಲದ ಒಂದೊಂದು ಗೆಣ್ಣಿಗೆ ಮೂರು ಎಲಿ, ಬಿಲ್ವದ ಹಂಗ. ಇದು ಮೆಡಿಟರೇನಿಯನ್ ಕಡಿಂದ ಏಷ್ಯಾತನಕ ಹಬ್ಬಿದ ಗಿಡ. ಹಳದಿದು ಮೆಕ್ಸಿಕೋ ಕಡಿಂದ ಬಂದದ್ದು, ಎಲಿ ಒಂದೊಂದ ಸುತ್ತಿಕೊಂಡ ಬರ್ತಾವ, ಮುರದ್ರ ಬೆಳ್ಳಗ ಹಾಲು. ದೇವಗಣಗಿಲ ಅಂದ್ರ ಗುಡಿ ಮುಂದ ಇರೋ ದಪ್ಪ ಟೊಂಗಿ ಮರ, ಅದು ಬ್ಯಾರೆ. ಕಾಶಿ ಕಣಗಿಲ ಅಂದ್ರ ನಿತ್ಯಪುಷ್ಪ, ಅದೂ ಬ್ಯಾರೆ, ಕ್ಯಾನ್ಸರಿಗೆ ಕೊಡೋ ವಿನ್‌ಕ್ರಿಸ್ಟಿನ್ ಅದರಿಂದ ಬಂದೈತಿ. ಈಗ ಎಲ್ಲಾರ ಟೆರೇಸಿನ್ಯಾಗ ಡೊಳ್ಳು ಬುಡದ ಅಡೇನಿಯಂ ಬಂದಾವಲ್ಲ, ಅವೂ ಇದ ಮನೆತನ, ಅವುಗಳ ಹಾಲೂ ವಿಷ. ಎಂಟು ನೂರು ಕೊಟ್ಟು ಅಡೇನಿಯಂ ತಂದು ಸೆಲ್ಫಿ ಹಾಕ್ತಾರ, ಅಜ್ಜನ ಕಣಗಿಲ ಕಂಡ್ರ ಕೊಡ್ಲಿ ಹಿಡೀತಾರ. ಇರ್ಲಿ.

ಸವರೋದರ ಬಗ್ಗೆ ನಾಳೆ ಪುರಸೊತ್ತಿನಿಂದ ಬರೀತೀನಿ.

ನವನಗರ ನಾಟಿ · ಜನವರಿ 22

ಕಣಗಿಲ ಬೇರು ಅರದು ಹಚ್ಚಿದ್ರ ಇಸುಬು ವಾಸಿ ಆಗ್ತದಂತ ನಮ್ಮ ಆಯಿ ಹೇಳ್ತಿದ್ರು. ಕಷಾಯನೂ ಮಾಡ್ತಾರಂತ.

ರಾತ್ರಿ ಪಾಳಿ · ಜನವರಿ 22

ಕಷಾಯದ ಮಾತು ಇಲ್ಲೆ ಬರೀಬ್ಯಾಡ್ರಿ ದಯಮಾಡಿ, ಯಾರರೆ ಮಾಡ್ತಾರ. ಆಯುರ್ವೇದದೊಳಗ ಕಣಗಿಲಕ್ಕ ಕರವೀರ ಅಂತಾರ, ಅದನ್ನ ಉಪವಿಷದ ಪಟ್ಟಿಯೊಳಗ ಇಟ್ಟಾರ. ಶುದ್ಧಿ ಮಾಡ್ದೇ ಮುಟ್ಟಬಾರದು ಅಂತ ಅವರೇ ಹೇಳಿದ ಮ್ಯಾಲ ಅಡಗಿಮನಿ ಒಲಿ ಮ್ಯಾಲ ಅದಕ್ಕೇನು ಕೆಲಸ?

ಮಸಾರಿ ಮಾಮಾ ಗದಗ · ಜನವರಿ 23

ಹಾಂ, ಸಾಧನಕೇರಿ ತಂಗೆವ್ವ, ಕೇಳು.

ಕಣಗಿಲ ಹೂ ಬಿಡೋದು ಹೊಸ ಚಿಗುರಿನ ತುದಿಗೆ. ಇಷ್ಟು ವರ್ಷ ಕತ್ರಿ ಕಾಣದ ಗಿಡದ ಚಿಗುರೆಲ್ಲಾ ಮ್ಯಾಲ ಹೋಗಿ, ಹೂವು ಆಕಾಶಕ್ಕ, ಬುಡ ಬೋಳ. ನಿಮ್ಮತ್ತಿ ಕೊಕ್ಕಿ ಕಟ್ಟೋದು ಅದಕ್ಕ. ಈಗ ಥಂಡಿ ಇಳಿಯೋ ಹೊತ್ತು, ಸವರೋದಕ್ಕ ಚಲೋ. ಆದ್ರ ಒಮ್ಮೆಲೇ ಬೋಳಸಬ್ಯಾಡ. ಬುಡದಾಗ ಎಷ್ಟು ಕಾಂಡ ಎದ್ದಾವ ಎಣಿಸು. ಒಂಬತ್ತು ಇದ್ರ ಅತೀ ಹಳೇ ಮೂರನ್ನ ನೆಲದಿಂದ ಗೇಣಿಗೆ ಕೊಯ್ಯಿ. ಉಳದವನ್ನ ಮೂರನೇ ಒಂದು ಭಾಗ ಇಳಸು. ಮುಂದಿನ ವರ್ಷ ಮತ್ತ ಮೂರು, ಆಚೀ ವರ್ಷ ಉಳದ ಮೂರು. ಮೂರು ವರ್ಷಕ್ಕ ಗಿಡ ಪೂರಾ ಹೊಸದು, ಪೂಜಿಗೆ ಹೂವೂ ತಪ್ಪಂಗಿಲ್ಲ.

ಕೊಯ್ಯೋದು ಗೆಣ್ಣಿನ ಸ್ವಲ್ಪ ಮ್ಯಾಲ. ಮೂರು ಎಲಿ ಕೂಡಿದ ಆ ಗೆಣ್ಣಿಂದ ಮೂರು ಚಿಗುರು ಒಡೀತಾವ. ಒಂದು ಟೊಂಗಿ ಹೋದಲ್ಲಿ ಮೂರು ಬಂದು ತುದಿಗೆ ಹೂವು, ಇದ ಕಣಗಿಲದ ಗುಟ್ಟು. ಬುಡದಿಂದ ಸುಮ್ನ ಎದ್ದ ತೆಳ್ಳನ ಕೊಳಿ ಇದ್ರ ಕೈಲೇ ಎಳದು ಕಿತ್ತು ಬಿಡು, ಕತ್ತರಿಸಿದ್ರ ಮತ್ತ ಬರ್ತಾವ.

ಉದ್ದ ತೋಳಿನ ಅಂಗಿ, ರಬ್ಬರ್ ಕೈಚೀಲ, ಚಸ್ಮಾ. ಬೆವರು ಒರಿಸ್ಲಿಕ್ಕೆ ಕೈ ಹಣಿಗೆ ಒಯ್ಯಬ್ಯಾಡ. ಒಂದು ಸಲ ನಾ ಒಯ್ದು ಎರಡು ದಿನ ಕಣ್ಣು ಗುಲಗಂಜಿ ಆಗಿತ್ತು. ಕತ್ರಿ ಸಾಬಾಣ ಹಚ್ಚಿ ತೊಳೀಬೇಕು, ಅದ ಕತ್ರಿಲೇ ಕರಿಬೇವು ಕೊಯ್ಯಬಾರದು.

ನೀರು: ನೆಲದಾಗ ಬೇರೂರಿದ ಗಿಡಕ್ಕ ಬ್ಯಾಸಗಿಯೊಳಗ ಹದಿನೈದು ದಿನಕ್ಕೊಮ್ಮೆ ಕೊಟ್ರೂ ಸಾಕು. ನಳಾ ವಾರಕ್ಕೊಮ್ಮೆ ಬರೋ ಓಣಿಗೆ ಇದಕ್ಕಿಂತ ಚಲೋ ಗಿಡ ಇಲ್ಲ. ನೀರು ನಿಂದ್ರಬಾರದು ಅಷ್ಟ. ಹುಬ್ಬಳ್ಳಿ, ಅಣ್ಣಿಗೇರಿ ಕಡೆ ಎರಿ ಮಣ್ಣಿನ್ಯಾಗ ಹಚ್ಚೋರು ಉಸುಕು ಕೂಡಿಸಿ ದಿಬ್ಬ ಮಾಡಿ ಹಚ್ರಿ, ಇಲ್ಲಾಂದ್ರ ಶ್ರಾವಣದ ಮಳಿಗೆ ಬೇರು ಕೊಳೀತಾವ. ಧಾರವಾಡದ ಕೆಂಪು ಮಣ್ಣಿಗೆ ಆ ತ್ರಾಸಿಲ್ಲ. ಹೆಂಡಿ ಗೊಬ್ಬರ ಮಿರಗಕ್ಕೊಂದು ಬುಟ್ಟಿ, ದೀಪಾವಳಿಗೊಂದು ಬುಟ್ಟಿ. ಯೂರಿಯಾ ಹಾಕಿದ್ರ ತಪ್ಪಲ ಬರ್ತದ, ಹೂವು ಬರಂಗಿಲ್ಲ. ದಿನಕ್ಕ ಆರು ತಾಸರೆ ಬಿಸಲು ಬೇಕು.

ಹಳದಿ ಹೇನಿಗೆ ಮೊದ್ಲು ಪೈಪಿನ ನೀರು ಜೋರಾಗಿ ಹೊಡಿ, ಅರ್ಧ ಹೋಗ್ತಾವ. ಉಳದಿದ್ದಕ್ಕ ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣಿ, ಎರಡು ಹನಿ ಪಾತ್ರೆ ತೊಳಿಯೋ ಸಾಬಾಣ, ಸಂಜೀಕ ಹೊಡಿ, ವಾರ ಬಿಟ್ಟು ಇನ್ನೊಮ್ಮೆ.

ಚಿಟ್ಟಿ ಬೆನ್ನಹತ್ತಿ · ಜನವರಿ 23

ಮಾಮಾ ಹೇಳಿದ್ದೆಲ್ಲಾ ಸರಿ, ಆದ್ರ ಹೊಡಿಯೋಕಿಂತ ಮೊದ್ಲು ಎಲಿ ತಿರುವಿ ನೋಡ್ರಿ ಅಕ್ಕಾ. ಎಲಿ ಕೆಳಗ ಬೆಳ್ಳಿ ಲೋಲಕದ ಹಂಗ ಏನರೆ ತೂಗಾಡ್ತಿದ್ರ ಅದು ಕಾಮನ್ ಕ್ರೋ ಚಿಟ್ಟಿ ಕೋಶ. ಕನ್ನಡಿ ಹಂಗ ಹೊಳೀತದ, ನಿಮ್ಮ ಮುಖ ಅದರಾಗ ಕಾಣ್ತದ. ಬೆರಳುದ್ದದ ಹಸಿರು ಹುಳು, ತಲಿ ಹಿಂದ ಎರಡು ನೀಲಿ ಕಣ್ಣಿನಂಥ ಬೊಟ್ಟು ಇದ್ರ ಕಣಗಿಲ ಪತಂಗದ ಮರಿ. ಕಣ್ಣಲ್ಲ ಅವು, ಹಕ್ಕಿಗೆ ಅಂಜಿಸೋ ವೇಷ. ಆ ಹಳದಿ ಹೇನೂ ಗಿಡದ ವಿಷ ತನ್ನ ಮೈಯಾಗ ಕೂಡಿಸಿಟ್ಕೋತದ, ಬಣ್ಣ ಅಷ್ಟು ಭಡಕ್ ಇರೋದು ಅದಕ್ಕ. ನಮಗ ವಿಷ, ಇವಕ್ಕ ಪಂಕ್ತಿ ಊಟ.

ಕಣಗಿಲದಿಂದ ಜೇನೂ ವಿಷ ಆಗ್ತದೇನು ಅಂತ ಒಮ್ಮೆ ಯಾರೋ ಕೇಳಿದ್ರು. ಗುಲಾಬಿ ಕಣಗಿಲ ಹೂವಿನ್ಯಾಗ ಮಕರಂದನ ಇಲ್ಲ. ಬಣ್ಣ ತೋರಿಸಿ ಹುಳಾ ಕರದು ಬರಿಗೈಲೆ ಕಳಸೋ ಹೂವು ಅದು.

ಬುಟ್ಟಿ ಹೂವು · ಜನವರಿ 24

ನಮ್ಮವ್ವ ದುರ್ಗದ ಬೈಲ್ ಹತ್ರ ಮೂವತ್ತು ವರ್ಷ ಹೂವು ಮಾರ್ಯಾಳ, ಈಗ ನಾ ಕುಂದರ್ತೀನಿ. ಶ್ರಾವಣ ಸೋಮವಾರ ಈಶ್ವರಗ ಕಣಗಿಲ ಇಲ್ಲಂದ್ರ ಗಿರಾಕಿ ಬುಟ್ಟಿ ಮುಂದಿಂದ ಎದ್ದು ಹೋಗ್ತಾರ. ನಾ ಹೇಳೋದು ಇಷ್ಟ: ದೇವರಿಗೆ ಏರಸ್ರಿ, ಪ್ರಸಾದದ ತಾಟಿನ್ಯಾಗ ಇಡಬ್ಯಾಡ್ರಿ. ಸಕ್ಕರಿ, ಕೊಬ್ರಿ, ತೀರ್ಥದ ಜೋಡಿ ಬ್ಯಾಡ. ಕೇರಳದಾಗ 2024ರ ಮೇದಾಗ ತಿರುವಾಂಕೂರು ದೇವಸ್ವಂ ಮಂಡಳಿಯವರು ನೈವೇದ್ಯಕ್ಕ, ಪ್ರಸಾದಕ್ಕ ಈ ಹೂವು ಬಳಸೋದು ನಿಲ್ಲಿಸ್ಯಾರ. ಅಲ್ಲೆ ಅರಳಿ ಅಂತಾರ ಇದಕ್ಕ. ನಮ್ಮಲ್ಲೆ ಅಂಥಾ ಹುಕುಂ ಬರೂತನ ಕಾಯೋದ್ಯಾಕ?

ನಿರ್ಮಾಲ್ಯ ತಗದಮ್ಯಾಲ ಕೈ ತೊಳ್ಕೊಂಡು ಊಟಕ್ಕ ಕೂಡ್ರಿ. ನಮ್ಮವ್ವ ಮಾಲಿ ಕಟ್ಟುವಾಗ ದಾರ ಹಲ್ಲಲೇ ಕಡೀತಿದ್ಲು, ಕಣಗಿಲ ಮಾಲಿ ಕಟ್ಟೋ ದಿನ ಮಾತ್ರ ಬ್ಲೇಡ್. ಯಾಕಂತ ಕೇಳಿದ್ರ "ಇದು ಸಿಟ್ಟಿನ ಹೂವು" ಅಂತಿದ್ಲು.

ಸಾಧನಕೇರಿ ಹಿತ್ತಲ · ಫೆಬ್ರವರಿ 9

ನಿಮ್ಮ ಮಾತೆಲ್ಲಾ ಅತ್ತಿಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬೆಳ್ಳಿ ಲೋಲಕದ ಮಾತು ಬಂದಾಗ ಎದ್ದು ಚಸ್ಮಾ ಹಾಕ್ಕೊಂಡು ಗಿಡದ ಹತ್ರ ಹೋದ್ರು. ಎರಡು ಇದ್ವು! ಆ ಟೊಂಗಿ ಬಿಟ್ಟು ಉಳದದ್ದು ಸವರಿದ್ವಿ. ಹನ್ನೊಂದು ಕಾಂಡ ಇದ್ವು ಮಾಮಾ, ನಾಲ್ಕು ತಗದ್ವಿ. ಮಾವನವರು ಹಚ್ಚಿದ ಮೂಲ ಕಾಂಡ ಯಾವುದು ಅಂತ ಅತ್ತಿಯವರು ಸೆರಗಿನ ಚೂರು ಹರದು ಗುರುತು ಕಟ್ಟಿ ಕೊಟ್ರು. ಅದಕ್ಕ ಮುಂದಿನ ಎರಡು ವರ್ಷನೂ ಕತ್ರಿ ಹಾಕೋಹಂಗಿಲ್ಲ ಅಂತ ಷರತ್ತು.

ಬುಡದ ಸುತ್ತ ಸೊಂಟದ ಮಟ ಜಾಳಗಿ ಹಾಕ್ಸೀವಿ. ಅಳಿಯಂದ್ರಿಗೆ ಫೋಟೋ ಕಳಿಸ್ದೆ. "ನೋಡೋಣ" ಅಂದಾರ. ಅವರ ಬಾಯಿಂದ ಅದು ಭಾಳ ದೊಡ್ಡ ಮಾತು.

ಈಗ ಪ್ರಶ್ನಿ: ಒಂದು ರಾಶಿ ಟೊಂಗಿ ಬಿದ್ದದ. ಸುಟ್ಟುಬಿಡ್ಲೇನು?

ಕೇಶ್ವಾಪುರ ಕಟ್ಟಿ · ಫೆಬ್ರವರಿ 9

ಬ್ಯಾಡ್ರೀ ಅಕ್ಕಾರ! ಇದಕ್ಕ ನಾ ಸಾಕ್ಷಿ. ಸಣ್ಣಾವ ಇದ್ದಾಗ ನಾವು ಓಣಿ ಹುಡುಗರು ಕಾಮಣ್ಣಗ ಅಂತ ಕಟಿಗಿ ಕದಿಯೋದಕ್ಕ ಹೋಗಿದ್ವಿ. ಒಬ್ಬರ ಹಿತ್ತಲದಾಗ ಚಂದಂಗೆ ಒಣಗಿದ ಕಟಿಗಿ ಹೊರಿ. ಯಾರೂ ಬೈಲಿಲ್ಲ, ಆಗರೆ ಅನುಮಾನ ಬರಬೇಕಿತ್ತು. ರಾತ್ರಿ ಕಾಮಣ್ಣನ ಸುಡುವಾಗ ಅದನ್ನ ಹಾಕಿದ್ವಿ. ಹಲಗಿ ಬಾರಿಸ್ಕೋತ ಬೆಂಕಿ ಸುತ್ತ ಕುಣೀತಿದ್ದೋರಿಗೆ ಹೊಗಿ ಬಡದು ಒಬ್ಬೊಬ್ಬರೇ ಕಣ್ಣು ತಿಕ್ಕೋತ, ಕೆಮ್ಮಕೋತ ಹಿಂದ ಸರದ್ರು. ಹಲಗಿ ನಿಂತು ಹೋತು. ನನಗ ಗಂಟಲ ಉರಿ ಮರುದಿನ ಬಣ್ಣದಾಟದ ತನಕ ಇತ್ತು. ಒಬ್ಬ ಅಜ್ಜ ಬಂದು ಅರ್ಧ ಸುಟ್ಟ ಕೊಳ್ಳಿ ಕೋಲಿಲೇ ಎಳದು ನೋಡಿ "ಕಣಗಿಲ ಹಾಕೀರೇನ್ರಲೇ" ಅಂತ ಎಲ್ಲಾರಿಗೂ ಒಂದೊಂದು ಕೊಟ್ಟ.

ಹಾವೇರಿ ಹಟ್ಟಿ · ಫೆಬ್ರವರಿ 9

ಸುಡಬ್ಯಾಡ್ರಿ, ತಿಪ್ಪಿಗೆ ಹಾಕಬ್ಯಾಡ್ರಿ, ರಸ್ತಾಕ್ಕಂತೂ ಬ್ಯಾಡ. ಹುಬ್ಬಳ್ಳಿ ಧಾರವಾಡದಾಗ ಬಿಟ್ಟಿ ದನಾ ಎಷ್ಟು ಅದಾವ ನೋಡೀರಲ್ಲ. ಜಾಗಾ ಇದ್ರ ಮೊಣಕಾಲ ಮಟ ಕುಣಿ ತೋಡಿ ಹೂಳ್ರಿ. ಇಲ್ಲಾಂದ್ರ ಗೇಣುದ್ದ ತುಂಡು ಮಾಡಿ ಚೀಲದಾಗ ಬಾಯಿ ಹೊಲದು, ಕಸದ ಗಾಡಿಯವರಿಗೆ ಇದು ಕಣಗಿಲ ಅಂತ ಬಾಯಿಬಿಟ್ಟು ಹೇಳಿ ಕೈಯಾಗ ಕೊಡ್ರಿ. ಗೇಟಿನ ಹೊರಗ ಇಟ್ಟು ಒಳಗ ಹೋಗಬ್ಯಾಡ್ರಿ. ಒಂದು ಎಮ್ಮಿ ಕಳಕೊಂಡಾವ ಹೇಳಾಕತ್ತೀನಿ.

ಮೈಸೂರಿಂದ ಬಂದವಳು · ಫೆಬ್ರವರಿ 16

ನಮ್ಮ ಕಮಿಟಿ ಮೀಟಿಂಗ್‌ನಲ್ಲಿ ಒಂದೂವರೆ ಗಂಟೆ ವಾದ ಆಯ್ತು. ಒಬ್ಬರು "ನಾವೂ ಅದೇ ಬೀಜದಲ್ಲಿ ಆಡಿ ಬೆಳೆದವರು" ಅಂದರು. ಕೊನೆಗೆ ಗಿಡ ಹೋಯ್ತು, ಆ ಜಾಗಕ್ಕೆ ದಾಸವಾಳ ಬಂತು. ಕಪ್ಪಗಾದ ಕಾಯಿಗಳನ್ನು ಆರಿಸುವಾಗ ನನ್ನ ಮಗನ ಪೆನ್ಸಿಲ್ ಡಬ್ಬಿಯಲ್ಲೂ ಮೂರು ಓಟೆ ಸಿಕ್ಕಿದವು. ಅವನು ಅವಕ್ಕೆ ಸ್ಕೆಚ್ ಪೆನ್ನಿನಲ್ಲಿ ಕಣ್ಣು ಬರೆದಿದ್ದ. ರಾತ್ರಿ ಪಾಳಿಯವರಿಗೆ ಕೈ ಮುಗಿಯುತ್ತೇನೆ.

ಎರಿಹೊಲ ಅಣ್ಣಿಗೇರಿ · ಫೆಬ್ರವರಿ 17

ಅಕ್ಕಾರ, ನಿಮ್ಮ ಒತ್ತು ಎಸಳಿಂದು ನಮ್ಮ ಕಡೆ ಸಿಗಂಗಿಲ್ಲ. ಕಡ್ಡಿ ಹಚ್ಚಿದ್ರ ಬರ್ತೈತೇನು? ಬದುವಿನ್ಯಾಗಲ್ಲ, ಮನಿ ಮುಂದ, ಜಾಳಗಿ ಹಾಕಿ.

ಮಸಾರಿ ಮಾಮಾ ಗದಗ · ಫೆಬ್ರವರಿ 17

ಭಾಳ ಸರಳ ಬರ್ತೈತಿ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ, ಪೂರಾ ಎಳೇದೂ ಅಲ್ಲ ಪೂರಾ ಬಲತದ್ದೂ ಅಲ್ಲ. ಕೆಳಗಿನ ಎಲಿ ತಗದು, ಮ್ಯಾಲ ನಾಲ್ಕು ಬಿಟ್ಟು, ಉಸುಕಿನ್ಯಾಗ ಎರಡು ಗೆಣ್ಣು ಮುಳುಗೋ ಹಂಗ ಚುಚ್ಚಿ ನೆಳ್ಳಿಗಿಡು. ತಿಂಗಳೊಪ್ಪತ್ತಿಗೆ ಬೇರು. ಮಿರಗದಾಗ ಮಾಡಿದ್ರ ಇನ್ನೂ ಚಲೋ. ಬಾಟಲಿ ನೀರಿನ್ಯಾಗೂ ಬೇರು ಬಿಡ್ತೈತಿ, ಆದ್ರ ಆ ನೀರೂ ವಿಷ, ಬಾಟಲಿ ಮಕ್ಕಳಿಗೆ, ಬೆಕ್ಕಿಗೆ ಸಿಗಬಾರದು. ಕುಡಿಯೋ ನೀರಿನ ಬಾಟಲಿಯಂತೂ ಬ್ಯಾಡೇ ಬ್ಯಾಡ.

ಸಾಧನಕೇರಿ ಹಿತ್ತಲ · ಮಾರ್ಚ್ 12

ಎರಿಹೊಲ ಅಣ್ಣಾರ, ಮಿರಗಕ್ಕ ಬರ್ರಿ, ಕಡ್ಡಿ ಕೊಡ್ತೀನಿ. ಗಿಡ ಚಿಗತದ. ಮಾಮಾ ಹೇಳಿದ್ಹಂಗ ಕೊಯ್ದಲ್ಲಿ ಮೂರು ಮೂರು, ತುದಿ ಕೆಂಪಗ. ಮಗಳು, ಕೂಸು ಬಂದು ಹದಿನೈದು ದಿನ ಇದ್ದು ಹೋದ್ರು. ಕೂಸು ಜಾಳಗಿ ಹಿಡಕೊಂಡೇ ನಿಂದ್ರೋದು ಕಲಿತದ, ಒಳಗಿನ ಗಿಡದ ಕಡೆ ನೋಡ್ಲೂ ಇಲ್ಲ, ಜಾಳಗಿ ತಂತೀನೇ ನೆಕ್ಕಿತು. ಅತ್ತಿಯವರು ದೇವರ ಮನಿ ಬಾಗಲಕ್ಕ ಚಿಲಕ ಹಾಕಿ ಪೂಜಿ ಮಾಡಿದ್ರು.

ನಿನ್ನೆ ಓಣಿ ಹುಡುಗರು ಹಲಗಿ ಬಾರಿಸ್ಕೋತ ಕಾಮಣ್ಣಗ ಕಟಿಗಿ ಕೇಳಲಿಕ್ಕೆ ಬಂದಿದ್ರು. ಟೊಂಗಿ ಎಲ್ಲಾ ಹೂಳೀವಿ, ಆದ್ರ ಗೋಡಿ ಮೂಲ್ಯಾಗ ದಪ್ಪನ ಎರಡು ಬೊಡ್ಡಿ ಉಳದಿದ್ವು. ಒಬ್ಬಾವ ಆಗಲೇ ಒಂದಕ್ಕ ಕೈ ಹಾಕಿದ್ದ. ಅತ್ತಿಯವರು ಒಳಗಿಂದ ಒದರಿಕೋತ ಬಂದ್ರು. ಅವನ ಕೈಯಾಗಿಂದು ಕಸಕೊಂಡು, ನಳದ ಹತ್ರ ನಿಂದರಿಸಿ ಸಾಬಾಣ ಹಚ್ಚಿ ಕೈ ತೊಳಸಿದ್ರು. ಆಮ್ಯಾಲ ಅಟ್ಟಕ್ಕ ನನ್ನ ಹತ್ತಿಸಿ, ಮಾವನವರ ಕಾಲು ಮುರದ ಕುರ್ಚಿ ಇಳಿಸಿ ಕೊಡಸಿದ್ರು. ಆ ಕುರ್ಚಿ ಒಗೀರಿ ಅಂತ ಆರು ವರ್ಷದಿಂದ ನಾ ಹೇಳ್ಕೋತ ಬಂದಿದ್ದೆ.

ಬೊಡ್ಡಿ ಎರಡನ್ನೂ ಇವತ್ತು ಹೂಳಿದ್ವಿ.